ಐದು ತರಗತಿ, ಒಬ್ಬಳೇ ಟೀಚರ್, ಮೇಲೆ ಹತ್ತಿ ಸೀಸನ್. ಓದು ಹೇಗೆ ಹಿಡಿಸುವುದು?

ಗಡಿಶಾಲೆ ಟೀಚರ್, ಗುರುಮಠಕಲ್

ಎಲ್ಲರಿಗೂ ನಮಸ್ಕಾರ. ನಾನು ಗುರುಮಠಕಲ್ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ತೆಲಂಗಾಣ ಗಡಿ ನಡೆದುಕೊಂಡು ಹೋಗುವಷ್ಟು ಹತ್ತಿರ, ಊರವರ ಸಂತೆ ಎಲ್ಲ ನಾರಾಯಣಪೇಟೆ ಕಡೆಗೇ. ನೌಕರಿಗೆ ಸೇರಿ ಒಂಬತ್ತು ವರ್ಷ, ಈ ಶಾಲೆಗೆ ಬಂದು ಎರಡನೇ ವರ್ಷ. ನನ್ನ ಊರು ಆಳಂದ ಕಡೆ, ತೆಲುಗು ಬರುವುದಿಲ್ಲ. ಈಗೀಗ ಸ್ವಲ್ಪ ಅರ್ಥ ಆಗುತ್ತದೆ.

ಒಂದರಿಂದ ಐದನೇ ತರಗತಿವರೆಗೆ 47 ಮಕ್ಕಳು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು, ಕಾಗದದ ಮೇಲೆ ಇಬ್ಬರು ಇದ್ದೇವೆ ಕೂಡ. ಆದರೆ ಇನ್ನೊಬ್ಬ ಸರ್ ಜುಲೈನಲ್ಲಿ ನಿಯೋಜನೆ ಮೇಲೆ ಬೇರೆ ಶಾಲೆಗೆ ಹೋದರು. ಅಲ್ಲಿ ಒಬ್ಬರೂ ಇರಲಿಲ್ಲ, ಹಾಗಾಗಿ ಕಳಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ಹುದ್ದೆ ಖಾಲಿ ಇಲ್ಲದ ಕಾರಣ ಅತಿಥಿ ಶಿಕ್ಷಕರನ್ನೂ ಕೊಟ್ಟಿಲ್ಲ. ನಾನೇ ಟೀಚರ್, ನಾನೇ ಹೆಡ್ ಟೀಚರ್.

ನನ್ನ ಪ್ರಶ್ನೆ ಓದಿನದು. ನಾಲ್ಕು ಮತ್ತು ಐದನೇ ತರಗತಿಯಲ್ಲಿ 19 ಮಕ್ಕಳಿದ್ದಾರೆ, ಅದರಲ್ಲಿ ಒಂದು ಪ್ಯಾರಾ ತಡವರಿಸದೆ ಓದುವವರು 6 ಜನ. ಉಳಿದವರು ಅಕ್ಷರ ಅಕ್ಷರ ಬಿಡಿಸಿ ಓದುತ್ತಾರೆ, ಒತ್ತಕ್ಷರ ಬಂದರೆ ನಿಂತುಬಿಡುತ್ತಾರೆ. ಓದಿ ಮುಗಿಸಿದ ಮೇಲೆ ಏನು ಓದಿದೆ ಅಂತ ಕೇಳಿದರೆ ಮುಖ ನೋಡುತ್ತಾರೆ. ಮಕ್ಕಳು ದಡ್ಡರಲ್ಲ. ಸಂತೆ ಲೆಕ್ಕ ಬಾಯಲ್ಲೇ ಮಾಡುತ್ತಾರೆ. ಮನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳದು ತೆಲುಗು, ತಾಂಡಾದಿಂದ ಬರುವ 11 ಮಕ್ಕಳದು ಲಂಬಾಣಿ. ಮೊದಲ ವಾರ ಹಾಲು ಕೊಡುವಾಗ ಒಬ್ಬಳು ಲೋಟ ಹಿಡಿದು 'ಟೀಚರ್, ಪಾಲು' ಅಂದಳು. ಪಾಲು ಹಂಚಿಕೊಳ್ಳುವ ಮಾತು ಆಡುತ್ತಿದ್ದಾಳೆ ಅಂದುಕೊಂಡು, ಎಲ್ಲರಿಗೂ ಸಮ ಪಾಲು ಕೊಡುತ್ತೇನೆ ಕೂತ್ಕೋ ಅಂದೆ. ತೆಲುಗಿನಲ್ಲಿ ಪಾಲು ಅಂದರೆ ಹಾಲು ಅಂತ ಅಡುಗೆಯವರು ಹೇಳಿದ ಮೇಲೆ ಗೊತ್ತಾಯಿತು. ಒಂದನೇ ತರಗತಿಯ ತಾಂಡಾ ಹುಡುಗ ಒಬ್ಬನಿದ್ದಾನೆ, ನಲಿಕಲಿಯ (ಕಾರ್ಡ್ ಹಿಡಿದು ಆಡುತ್ತಾ ಕಲಿಸುವ ಸರ್ಕಾರಿ ಶಾಲೆಯ ಪದ್ಧತಿ) 'ಬಾ' ಕಾರ್ಡ್ ತೋರಿಸಿದಾಗಲೆಲ್ಲ 'ಪುಣೆ' ಅನ್ನುತ್ತಾನೆ. ಬ ಮತ್ತು ಪ ಕಲಸಿಕೊಂಡಿದ್ದಾನೆ ಅಂತ ಎರಡೂ ಕಾರ್ಡ್ ಪಕ್ಕ ಪಕ್ಕ ಇಟ್ಟು ಹತ್ತು ದಿನ ತಿದ್ದಿದೆ. ಇನ್ನೂ 'ಪುಣೆ' ಅಂತಲೇ ಹೇಳುತ್ತಾನೆ.

ಇನ್ನು ಹತ್ತಿ. ಈ ವರ್ಷ (2025) ಸೆಪ್ಟೆಂಬರ್ 22ರಿಂದ ರಾಜ್ಯದ ಜಾತಿವಾರು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ನಾನೂ ಮನೆ ಮನೆ ತಿರುಗಿದೆ. ದಸರಾ ರಜೆ ಮುಗಿದ ಮೇಲೂ ಅದಕ್ಕಾಗಿ ಅಕ್ಟೋಬರ್ 18ರವರೆಗೆ ರಜೆ ಮುಂದುವರಿಯಿತು, ಅದರ ಬೆನ್ನಿಗೇ ದೀಪಾವಳಿ. ನಮ್ಮ ಕಡೆ ಹತ್ತಿ ಅರಳುವುದು ಅದೇ ಹೊತ್ತಿಗೆ. ಶಾಲೆ ಬಾಗಿಲು ಹಾಕಿದೆ, ಹೊಲದಲ್ಲಿ ಕೆಜಿ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ, ಮಕ್ಕಳು ಮನೆಯಲ್ಲಿ ಯಾಕೆ ಕೂರುತ್ತಾರೆ? ಶಾಲೆ ತೆರೆದ ದಿನ 47ರಲ್ಲಿ 21 ಮಕ್ಕಳು ಬಂದರು. ಐದನೇ ತರಗತಿಯ ಒಬ್ಬಳು ಹೋದ ವಾರ ವಾಪಸ್ ಬಂದಳು. ಪೆನ್ಸಿಲ್ ಹಿಡಿಯಲು ಆಗುತ್ತಿರಲಿಲ್ಲ. ಒಣಗಿದ ಹತ್ತಿ ಕಾಯಿಯ ತುದಿ ಮುಳ್ಳಿನ ಹಾಗೆ ಚುಚ್ಚುತ್ತದೆ, ಬೆರಳ ತುದಿಯೆಲ್ಲ ಗೀರು, ಉಗುರಿನ ಸಂದಿಯಲ್ಲಿ ರಕ್ತ ಕಪ್ಪಾಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿ, ಇವತ್ತು ಬರೆಯಬೇಡ, ಬರೀ ಕೇಳಿಸಿಕೋ ಅಂತ ಪಕ್ಕದಲ್ಲಿ ಕೂರಿಸಿಕೊಂಡೆ.

ಒಬ್ಬರೇ ಐದು ತರಗತಿ ನಡೆಸಿದವರು ಯಾರಾದರೂ ಇದ್ದರೆ, ದಿನವನ್ನು ಹೇಗೆ ಕಟ್ಟಿಕೊಂಡಿರಿ ಅಂತ ಹೇಳಿ. ಸಹಾನುಭೂತಿ ಬೇಡ, ನಾಳೆ ಬೆಳಿಗ್ಗೆಯಿಂದ ಮಾಡುವಂಥದ್ದು ಏನಾದರೂ ಬೇಕು.

ಔರಾದ್ ಮಾಸ್ತರ

ಟೀಚರಮ್ಮ, ನಾನು ನಿವೃತ್ತನಾಗಿ ನಾಲ್ಕು ವರ್ಷ ಆಯಿತು. ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನಲ್ಲೇ 30 ವರ್ಷ ಕಳೆದೆ. ನಿಮಗೆ ತೆಲುಗು, ನಮಗೆ ಮರಾಠಿ, ಕಷ್ಟ ಒಂದೇ.

ಮೊದಲ ಮಾತು. ಬೆಳಿಗ್ಗೆಯ ಎರಡು ತಾಸು ಯಾರಿಗೂ ಕೊಡಬೇಡಿ. ಫೋನ್ ಬೀರುವಿನಲ್ಲಿ ಇಟ್ಟು ಬೀಗ ಹಾಕಿ. ಮಾಹಿತಿ ಕೇಳುವವರು ಮಧ್ಯಾಹ್ನಕ್ಕೂ ಕೇಳುತ್ತಾರೆ, ಆದರೆ ಮಕ್ಕಳ ತಲೆ ಚುರುಕಾಗಿರುವುದು ಬೆಳಿಗ್ಗೆ ಮಾತ್ರ. ನಾನು ಒಬ್ಬನೇ ಇದ್ದ ಮೂರು ವರ್ಷ ಇದೊಂದನ್ನು ಗಟ್ಟಿಯಾಗಿ ಹಿಡಿದಿದ್ದೆ. ಒಮ್ಮೆ ನೋಟಿಸ್ ಬಂತು, ಉತ್ತರ ಬರೆದೆ, ಅಷ್ಟೇ.

ಎರಡನೆಯದು ಭಾಷೆ. ಮಗುವಿಗೆ ಗೊತ್ತಿಲ್ಲದ ಪದದಿಂದ ಅಕ್ಷರ ಕಲಿಸಿದರೆ ಅದು ಎರಡು ಕೆಲಸ ಒಟ್ಟಿಗೆ ಮಾಡಬೇಕು, ಅಕ್ಷರವನ್ನೂ ಹಿಡಿಯಬೇಕು, ಪದವನ್ನೂ ಹಿಡಿಯಬೇಕು. ನಾನು ಎರಡೂ ಭಾಷೆಯಲ್ಲಿ ಒಂದೇ ಇರುವ ಪದ ಹುಡುಕುತ್ತಿದ್ದೆ. ಪಾಟಿ, ನಳ, ಖುರ್ಚಿ. ಮರಾಠಿ ಮನೆಯಲ್ಲೂ ಅದೇ, ನಮ್ಮ ಬೀದರ್ ಕನ್ನಡದಲ್ಲೂ ಅದೇ. ಪಾಟಿ ಅಂತ ಬೋರ್ಡ್ ಮೇಲೆ ಬರೆದು, ಮಗುವಿನ ಕೈಯಲ್ಲಿರುವ ಪಾಟಿ ಮುಟ್ಟಿ ತೋರಿಸಿದರೆ ಸಾಕು, ಓದು ಅಲ್ಲೇ ಶುರು. ತೆಲುಗಿಗೂ ಕನ್ನಡಕ್ಕೂ ಒಂದೇ ಆಗಿರುವ ಪದ ಇನ್ನೂ ಜಾಸ್ತಿ ಸಿಗುತ್ತವೆ. ಅಡುಗೆಯವರನ್ನು ಕೂರಿಸಿಕೊಂಡು ಒಂದು ಸಂಜೆ ಪಟ್ಟಿ ಮಾಡಿ. ಪಾಲು ಮತ್ತು ಹಾಲು ಜೋಡಿಯಾಗಿ ಬರೆದು ಗೋಡೆಗೆ ಹಚ್ಚಿ. ತೆಲುಗಿನ ಪ ಎಷ್ಟೋ ಕಡೆ ನಮ್ಮಲ್ಲಿ ಹ ಆಗುತ್ತದೆ, ಅಲ್ಲಿ ಪುಲಿ, ಇಲ್ಲಿ ಹುಲಿ. ಒಮ್ಮೆ ಇದು ಮಕ್ಕಳಿಗೆ ಸಿಕ್ಕರೆ ಉಳಿದ ಪದ ಅವರೇ ಹುಡುಕಿಕೊಂಡು ಬರುತ್ತಾರೆ.

ನಲಿಕಲಿ ಕಾರ್ಡ್ ಬದಲಾಯಿಸಲು ಹೆದರಬೇಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಅದು ಶುರುವಾದಾಗ, ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿಕೊಂಡು ಬಂದ ಶಿಕ್ಷಕರೇ ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡ್ ಮಾಡಿದ್ದು. 2009-10ರಲ್ಲಿ ಇಡೀ ರಾಜ್ಯಕ್ಕೆ ಬಂದಾಗ ನಮಗೆ ಅಚ್ಚಾದ ಡಬ್ಬಿ ಬಂತು, ಅದನ್ನು ಮುಟ್ಟಬಾರದು ಅಂತ ನಾವೇ ಅಂದುಕೊಂಡೆವು. ಆ ಮೈಸೂರು ಕಡೆಯ ಶಿಕ್ಷಕರು ತಮ್ಮ ಹಾಡಿ ಮಕ್ಕಳಿಗೆ ಮಾಡಿದ್ದನ್ನು ನೀವು ನಿಮ್ಮ ತಾಂಡಾ ಮಕ್ಕಳಿಗೆ ಮಾಡಬಹುದು. ಹಳೆ ಮದುವೆ ಕಾರ್ಡಿನ ಹಿಂಭಾಗ ಸಾಕು.

ಅತಿಥಿ, ಶಹಾಪುರ

ಮೇಡಂ, ನಾನು ಅತಿಥಿ ಶಿಕ್ಷಕ, ಆರನೇ ವರ್ಷ. ನಾಲ್ಕು-ಐದನೇ ತರಗತಿ ಅನ್ನುವುದನ್ನು ಒಂದು ತಾಸು ಮರೆತುಬಿಡಿ. 'ಓದು ಕರ್ನಾಟಕ' ಅನ್ನುವ ಓದಿನ ಕಾರ್ಯಕ್ರಮದಲ್ಲಿ ಮಾಡಿದ ಹಾಗೆ ಮಟ್ಟ ನೋಡಿ ಕೂರಿಸಿ. ಅಕ್ಷರ ಬಾರದವರು, ಅಕ್ಷರ ಬರುವವರು, ಪದ ಓದುವವರು, ಪ್ಯಾರಾ, ಕಥೆ. ನಿಮ್ಮ 19 ಮಕ್ಕಳು ಇದರಲ್ಲಿ ಮೂರು ಗುಂಪು ಆಗುತ್ತಾರೆ, ಮೂರನೇ ತರಗತಿಯವರನ್ನೂ ಅದರಲ್ಲೇ ಸೇರಿಸಿ. ಆ ಹೊತ್ತಿಗೆ ಒಂದು-ಎರಡನೇ ತರಗತಿಯವರು ನಲಿಕಲಿಯ ಗೆಳೆಯರ ಬೆಂಬಲದ ತಟ್ಟೆ ಮತ್ತು ಸ್ವಕಲಿಕೆ ತಟ್ಟೆಯಲ್ಲಿ (ತಟ್ಟೆ ಅಂದರೆ ಗುಂಪು) ಕೂರಲಿ.

ನಾನು ಮಾಡುವ ಒಂದು ಕೆಲಸ ಹೇಳುತ್ತೇನೆ. ಮಕ್ಕಳು ಹೇಳಿದ್ದನ್ನು ನಾನು ಬೋರ್ಡ್ ಮೇಲೆ ಬರೆಯುತ್ತೇನೆ. 'ನಿನ್ನೆ ನಮ್ಮ ಮೇಕೆ ಮರಿ ಹಾಕಿತು' ಅಂತ ಒಬ್ಬ ಹೇಳುತ್ತಾನೆ, ಅದೇ ಅವತ್ತಿನ ಪಾಠ. ಅವನ ಮಾತು ಅವನಿಗೆ ಬಾಯಿಪಾಠ ಆಗಿರುತ್ತದೆ, ಬೆರಳಿಟ್ಟುಕೊಂಡು ಓದುತ್ತಾನೆ. ಆಮೇಲೆ ಮೇಕೆ ಅಳಿಸಿ ಎಮ್ಮೆ ಬರೆಯಿರಿ. ಒತ್ತಕ್ಷರ ಹೀಗೆ ಬಂದರೆ ಭಯ ಇರುವುದಿಲ್ಲ. ದಿನಾ ನಾಲ್ಕು ಸಾಲು, ಜಾಸ್ತಿ ಬೇಡ. ಎರಡು ತಿಂಗಳು ಬಿಡದೆ ಮಾಡಿದರೆ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಾನು ಕಳೆದ ವರ್ಷ ಕೂರಿಸಿ ಓದಿಸಿದ ಮಕ್ಕಳನ್ನು ಈ ವರ್ಷ ಜೂನ್‌ನಲ್ಲಿ ಯಾರೂ ಓದಿಸಲಿಲ್ಲ. ನಮ್ಮನ್ನು ವರ್ಷ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ, ಆದೇಶ ಬರುವವರೆಗೆ ಮನೆಯಲ್ಲಿ. ಗೌರವಧನ ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಕಿರಾಣಿ ಅಂಗಡಿಯವನಿಗೆ ನನ್ನ ಖಾತೆ ಪುಸ್ತಕ ಬೇರೆಯೇ ಇದೆ. ಇದು ನನ್ನ ಹೊಟ್ಟೆಪಾಡಿನ ಮಾತು ಅಷ್ಟೇ ಅಲ್ಲ. ಓದು ಕಲಿಯುವ ಮಗುವಿಗೆ ಅದೇ ಮುಖ, ಅದೇ ದನಿ ಬೇಕು. ಅರ್ಧಕ್ಕೆ ಬಿಟ್ಟು ಹೋದರೆ ಮಗು ಮತ್ತೆ ಮೊದಲಿನಿಂದ ಹೆದರುತ್ತದೆ.

ಹೈಸ್ಕೂಲ್ ಗಣಿತ, ಕಲಬುರಗಿ

ಸ್ವಲ್ಪ ಕಟುವಾಗಿ ಬರೆಯುತ್ತೇನೆ, ಕ್ಷಮಿಸಿ. ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಯಾದಗಿರಿ ಶೇ 50.59 ಪಡೆದು ರಾಜ್ಯದಲ್ಲೇ ಕೊನೆ. 2025ರಲ್ಲಿ ನಮ್ಮ ಕಲಬುರಗಿ ಶೇ 42.43 ಪಡೆದು ಕೊನೆ. ಫಲಿತಾಂಶ ಬಂದ ದಿನ ಬೈಸಿಕೊಳ್ಳುವವರು ಹೈಸ್ಕೂಲಿನವರು. ನನ್ನ ಎಂಟನೇ ತರಗತಿಗೆ ಬರುವ ಮಕ್ಕಳಿಗೆ ಲೆಕ್ಕ ಬರುತ್ತದೆ, ಲೆಕ್ಕದ ಪ್ರಶ್ನೆ ಓದಲು ಬರುವುದಿಲ್ಲ. 'ಒಂದು ಆಯತಾಕಾರದ ಹೊಲದ ಉದ್ದ ಅದರ ಅಗಲದ ಎರಡರಷ್ಟಿದೆ' ಅನ್ನುವ ವಾಕ್ಯ ನಾನು ಓದಿ ಹೇಳಿದರೆ ಮಾಡುತ್ತಾರೆ, ಕಾಗದ ಕೊಟ್ಟರೆ ಖಾಲಿ ಬಿಡುತ್ತಾರೆ. ಏಳು ವರ್ಷ ಏನು ಮಾಡಿದಿರಿ ಅಂತ ಪ್ರಾಥಮಿಕ ಶಾಲೆಯವರ ಮೇಲೆ ನನಗೆ ಸಿಟ್ಟು ಬರುತ್ತದೆ. ಎಲ್ಲ ಕಡೆ ಒಬ್ಬಳೇ ಟೀಚರ್ ಇಲ್ಲವಲ್ಲ. ಆರು ಜನ ಶಿಕ್ಷಕರಿದ್ದ ಶಾಲೆಯಿಂದ ಬಂದವರೂ ಹೀಗೇ ಇದ್ದಾರೆ. ಕೆಲವರು ಪಾಠ ಮಾಡುವುದಿಲ್ಲ, ಇದನ್ನೂ ನಾವೇ ಹೇಳಬೇಕು ಅಲ್ವಾ?

ಔರಾದ್ ಮಾಸ್ತರ

ಹೇಳಬೇಕು ಸರ್, ನಾನೂ ನೋಡಿದ್ದೇನೆ. ಆದರೆ ಆರು ಜನರಿದ್ದ ಶಾಲೆಯಲ್ಲೂ ಒಂದನೇ ತರಗತಿ ಯಾರಿಗೆ ಕೊಡುತ್ತಾರೆ ನೋಡಿ. ಹೊಸದಾಗಿ ಬಂದವರಿಗೆ, ಇಲ್ಲವೇ ಬೇಡ ಅನ್ನಲು ಆಗದವರಿಗೆ. ಅನುಭವ ಇರುವವರು ಏಳನೇ ತರಗತಿ ತೆಗೆದುಕೊಳ್ಳುತ್ತಾರೆ. ನಿಮ್ಮ ಎಂಟನೇ ತರಗತಿ ಹಾಳಾಗುವುದು ಅಲ್ಲಿ. ನಾನು ಮುಖ್ಯ ಗುರು ಆದ ಮೇಲೆ ಒಂದನೇ ತರಗತಿ ನಾನೇ ಇಟ್ಟುಕೊಂಡೆ, ನಿವೃತ್ತಿಯ ದಿನದವರೆಗೆ.

ಗಡಿಶಾಲೆ ಟೀಚರ್, ಗುರುಮಠಕಲ್

ಗಣಿತದ ಸರ್, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ನನ್ನ ದಿನ ಎಲ್ಲಿ ಹೋಗುತ್ತದೆ ಅಂತ ಒಂದು ದಿನ ಬರೆದಿಟ್ಟೆ. ಬೆಳಿಗ್ಗೆ ಹಾಲಿನ ಪುಡಿ ಕಲಸುವುದು ನೋಡಿ, ಪ್ರಾರ್ಥನೆ, ಹಾಜರಿ. ಪಾಠ ಶುರುಮಾಡಿದ ಅರ್ಧ ತಾಸಿಗೆ ಆಧಾರ್ ಹೊಂದದ ಮಕ್ಕಳ ಪಟ್ಟಿ ಕಳಿಸಿ ಅಂತ ಮೆಸೇಜ್. ಎಸ್‌ಎಟಿಎಸ್ (ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ತೆರೆಯಬೇಕೆಂದರೆ ನೆಟ್‌ವರ್ಕ್ ಶಾಲೆಯಲ್ಲಿಲ್ಲ, ಹನುಮಪ್ಪನ ಗುಡಿ ಕಟ್ಟೆ ಮೇಲೆ ನಿಂತರೆ ಸಿಗುತ್ತದೆ. ನಾನು ಕಟ್ಟೆ ಮೇಲೆ ನಿಂತರೆ 47 ಮಕ್ಕಳು ಒಬ್ಬರೇ. ಆಮೇಲೆ ಮೊಟ್ಟೆ. ಒಂದಕ್ಕೆ ಕೊಡುವುದು 6 ರೂಪಾಯಿ, ತರುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ಅಂಗಡಿಯಲ್ಲೇ ಅದಕ್ಕಿಂತ ಜಾಸ್ತಿ ಆಗುತ್ತದೆ, ಉಳಿದದ್ದು ನನ್ನ ಕೈಯಿಂದ. ಮೊಟ್ಟೆ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಗಳಲ್ಲೇ ಮೊದಲು ಕೊಡಲು ಶುರುಮಾಡಿದ್ದು ಮಕ್ಕಳು ಎಷ್ಟು ಬಡಕಲಾಗಿದ್ದರು ಅಂತ. ಮೊಟ್ಟೆ ದಿನ ಮಕ್ಕಳು ಜಾಸ್ತಿ ಬರುತ್ತಾರೆ, ಅದನ್ನು ಕಣ್ಣಾರೆ ಕಾಣುತ್ತೇನೆ. ಆದರೆ ಎಣಿಸಿ ಲೆಕ್ಕ ಬರೆಯಲು ಒಬ್ಬರು ಬೇಕು, ಓದಿಸಲು ಒಬ್ಬರು ಬೇಕು.

ಶಾಬಾದ್ ತಾಂಡಾದವನು

ಟೀಚರ್, ನಾನು ಶಿಕ್ಷಕನಲ್ಲ. ತಾಂಡಾದಲ್ಲಿ ಹುಟ್ಟಿದವನು, ಈಗ ಕಲಬುರಗಿಯಲ್ಲಿ ಕೆಲಸ. ನಿಮ್ಮ ಮೊದಲ ಪೋಸ್ಟ್ ಓದಿ ಬರೆಯುತ್ತಿದ್ದೇನೆ.

ನಮ್ಮ ಮಾತಿನಲ್ಲಿ ಬಾ ಅಂದರೆ ಅಪ್ಪ. ಯಾಡಿ ಅಂದರೆ ಅವ್ವ, ಬಾ ಅಂದರೆ ಅಪ್ಪ. ನೀವು 'ಬಾ' ತೋರಿಸಿದಾಗ ಆ ಹುಡುಗ 'ಪುಣೆ' ಅನ್ನುತ್ತಿದ್ದರೆ, ಅವನ ಅಪ್ಪ ಪುಣೆಗೆ ದುಡಿಯಲು ಹೋಗಿದ್ದಾನೆ. ಅವನು ಕಾರ್ಡ್ ಸರಿಯಾಗಿ ಓದುತ್ತಿದ್ದಾನೆ ಟೀಚರ್.

ನಾನೂ ಮೂರನೇ ತರಗತಿಯಲ್ಲಿ ದೀಪಾವಳಿ ಆದ ಮೇಲೆ ಅಪ್ಪ-ಅವ್ವನ ಜೊತೆ ಮುಂಬೈಗೆ ಹೋದೆ. ಹೋಳಿಗೆ ವಾಪಸ್ ಬಂದಾಗ ಹಾಜರಿಯಲ್ಲಿ ನನ್ನ ಹೆಸರು ಇರಲಿಲ್ಲ. ಹೊಸ ಮಾಸ್ತರರು ನೀನು ಯಾರು ಅಂತ ಕೇಳಿದರು. ಆ ನಾಚಿಕೆಗೆ ಒಂದು ವರ್ಷ ಶಾಲೆ ಕಡೆ ಹೋಗಲಿಲ್ಲ, ಎಮ್ಮೆ ಕಾಯ್ದೆ. ಆಮೇಲೆ ಊರಿನ ಒಬ್ಬ ಅಕ್ಕೋರು ಕೈ ಹಿಡಿದು ಕರೆದುಕೊಂಡು ಹೋದರು. ಹಾಗಾಗಿ ನನ್ನ ಬೇಡಿಕೆ ಒಂದೇ. ಹತ್ತಿಗೆ ಹೋದವರು, ಗುಳೆ ಹೋದವರು ವಾಪಸ್ ಬಂದ ದಿನ ಹೆಸರು ಹಿಡಿದು ಕರೆಯಿರಿ. ಎಷ್ಟು ದಿನ ಬರಲಿಲ್ಲ ಅಂತ ಎಲ್ಲರ ಮುಂದೆ ಕೇಳಬೇಡಿ. ಗುಳೆ ಹೊರಟವರಿಗೆ ಮಗುವಿನ ಎಸ್‌ಎಟಿಎಸ್ ನಂಬರ್ ಒಂದು ಚೀಟಿಯಲ್ಲಿ ಬರೆದು ಕೊಡಿ, ಬೆಂಗಳೂರಲ್ಲಿ ಹತ್ತಿರದ ಸರ್ಕಾರಿ ಶಾಲೆಗೆ ತೋರಿಸಿ ಕೂರಿಸಲು ಅನುಕೂಲ. ಅಜ್ಜಿ ಹತ್ತಿರ ಮಗು ಬಿಟ್ಟು ಹೋಗುವವರಿದ್ದರೆ, ಸಮಗ್ರ ಶಿಕ್ಷಣದಲ್ಲಿ ಋತುಮಾನದ ವಸತಿ ಕೇಂದ್ರಕ್ಕೆ ಅವಕಾಶ ಇದೆ. ಎಸ್‌ಡಿಎಂಸಿಯಿಂದ (ಶಾಲೆಯ ಪೋಷಕರ ಸಮಿತಿ) ಠರಾವು ಮಾಡಿ ಬಿಇಒಗೆ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಕೊಡಿ, ಆದರೆ ದಸರಾಕ್ಕೆ ಮೊದಲೇ ಕೊಡಬೇಕು. ಎಲ್ಲರೂ ಹೋದ ಮೇಲೆ ಕೊಟ್ಟರೆ ಪ್ರಯೋಜನ ಇಲ್ಲ.

ಮನೆಯವರನ್ನು ಬೈಯಬೇಡಿ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಇವತ್ತು ಅಪ್ಪ-ಅವ್ವ ಆಗಿರುವವರು ಅವರೇ. ಮಗು ಓದಿ ತೋರಿಸಿದರೆ ಸರಿಯೋ ತಪ್ಪೋ ಅಂತ ಅವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ನೀವು ಹೇಳಿದ್ದೇ ಅವರಿಗೆ ಕಡೆಯ ಮಾತು.

ಸಿಆರ್‌ಪಿ, ಸೇಡಂ ಕಡೆ

ನಾನು ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವವನು. ಬೆಳಿಗ್ಗೆ ಮೆಸೇಜ್ ಹಾಕುವವನು ನಾನೇ, ನನ್ನಂಥವರೇ. ನಮಗೆ ಮೇಲಿನಿಂದ 10 ಗಂಟೆಗೆ ಬರುತ್ತದೆ, 12ಕ್ಕೆ ಕೊಡಿ ಅನ್ನುತ್ತಾರೆ. ಅದನ್ನು ಹಾಗೇ ನಿಮ್ಮ ಗ್ರೂಪಿಗೆ ತಳ್ಳುತ್ತೇವೆ. ನಮ್ಮ ಕ್ಲಸ್ಟರಿನಲ್ಲಿ ಜೂನ್‌ನಿಂದ ಒಂದು ಕ್ರಮ ಮಾಡಿಕೊಂಡೆವು. ಮಕ್ಕಳ ಸಂಖ್ಯೆ, ಜಾತಿವಾರು, ಆಧಾರ್, ಬ್ಯಾಂಕ್ ಖಾತೆ, ಶೌಚಾಲಯ, ಕೊಠಡಿ ಇವನ್ನೆಲ್ಲ ಒಂದೇ ಶೀಟಿನಲ್ಲಿ ನಾನೇ ಇಟ್ಟುಕೊಂಡಿದ್ದೇನೆ, ತಿಂಗಳಿಗೊಮ್ಮೆ ತಿದ್ದುತ್ತೇನೆ. ಕೇಳುವುದು ಹತ್ತರಲ್ಲಿ ಏಳು ಸಲ ಅದರಲ್ಲೇ ಇರುತ್ತದೆ, ಶಿಕ್ಷಕರಿಗೆ ಫೋನ್ ಮಾಡುವ ಅವಶ್ಯಕತೆಯೇ ಬರುವುದಿಲ್ಲ. ಉಳಿದ ಮೂರು ಮಧ್ಯಾಹ್ನ ಮೂರೂವರೆ ಮೇಲೆ. ನಿಮ್ಮ ಸಮಾಲೋಚನಾ ಸಭೆಯಲ್ಲಿ ಇದನ್ನು ಕೇಳಿ, ಒಬ್ಬರೇ ಕೇಳಿದರೆ ಆಗುವುದಿಲ್ಲ, ಎಂಟು ಹತ್ತು ಶಾಲೆಯವರು ಸೇರಿ ಕೇಳಿ.

ಸಮೀಕ್ಷೆ ಬಗ್ಗೆ ಒಂದು ಮಾತು. ಆರ್‌ಟಿಇ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವು ಮೂರನ್ನು ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕಬಾರದು. ಜನಗಣತಿ ಹೇಗೂ ಬರುತ್ತಿದೆ. ರಜೆ ಕೊಡುವುದಾದರೆ ಹತ್ತಿ ಕಾಲ ಬಿಟ್ಟು ಕೊಡಿ ಅಂತ ಸಂಘದವರು ನಮ್ಮ ಭಾಗದ ಪರವಾಗಿ ಈಗಲೇ ಬರೆದು ಕೊಡಬೇಕು. ಬೆಂಗಳೂರಲ್ಲಿ ಕೂತವರಿಗೆ ಅಕ್ಟೋಬರ್ ಅಂದರೆ ದಸರಾ, ನಮಗೆ ಹತ್ತಿ, ಇದನ್ನು ನಾವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು, ಟೀಚರ್. ನಿಯೋಜನೆ ಹೋದ ಸರ್ ವಾರಕ್ಕೆ ಎರಡು ದಿನವಾದರೂ ನಿಮ್ಮಲ್ಲಿಗೆ ಬರುವ ಹಾಗೆ ಬಿಇಒ ಆಫೀಸಿಗೆ ಬರಹದಲ್ಲಿ ಕೊಡಿ. ಬಾಯಲ್ಲಿ ಹೇಳಿದ್ದು ಅಲ್ಲೇ ಕಳೆದುಹೋಗುತ್ತದೆ. ಪ್ರತಿ ಇಟ್ಟುಕೊಳ್ಳಿ.

ಗಡಿಶಾಲೆ ಟೀಚರ್, ಗುರುಮಠಕಲ್

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ನೆಟ್‌ವರ್ಕ್ ಇರಲಿಲ್ಲ.

ತಾಂಡಾದ ಅಣ್ಣಾ, ನಿಮ್ಮ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಆ ಹುಡುಗನನ್ನು ಹತ್ತಿರ ಕೂರಿಸಿಕೊಂಡು, 'ಬಾ' ಕಾರ್ಡ್ ಕೈಗೆ ಕೊಟ್ಟು, ಬಾ ಪುಣೆಯಲ್ಲಿ ಇದ್ದಾರಾ ಅಂತ ಕೇಳಿದೆ. ತಲೆ ಆಡಿಸಿದ. ಹೋಳಿಗೆ ಬರುತ್ತಾರಂತೆ. ಐದನೇ ತರಗತಿಯ ತಾಂಡಾ ಹುಡುಗಿ ಅವನ ಪೂರ್ತಿ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದಳು, ಅದನ್ನೇ ಬೋರ್ಡ್ ಮೇಲೆ ಬರೆದೆ. 'ನಮ್ಮ ಬಾ ಪುಣೆಯಲ್ಲಿ ಇದ್ದಾರೆ. ಹೋಳಿಗೆ ಬರುತ್ತಾರೆ.' ಅವನು ಬೆರಳಿಟ್ಟು ಓದಿದ. ಅಲ್ಲಿಯವರೆಗೆ ಬಾಯಿ ಬಿಡದ ಇನ್ನಿಬ್ಬರು ಎದ್ದು ನಿಂತು, ನಮ್ಮ ಬಾ ಹೈದರಾಬಾದ್, ನಮ್ಮ ಬಾ ಬೆಂಗಳೂರು ಅಂತ ಶುರುಮಾಡಿದರು. ಮಧ್ಯಾಹ್ನ ಊಟದ ಗಂಟೆವರೆಗೂ ಅದೇ ಪಾಠ ನಡೆಯಿತು. ಅವತ್ತು ಫೋನ್ ಬೀರುವಿನಲ್ಲಿತ್ತು.

ಅಡುಗೆಯವರ ಜೊತೆ ಕೂತು ತೆಲುಗು ಪದ 40 ಬರೆದುಕೊಂಡಿದ್ದೇನೆ. ಬಿಇಒ ಆಫೀಸಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ಹತ್ತಿಗೆ ಹೋದವರಲ್ಲಿ ಇನ್ನೂ 14 ಮಕ್ಕಳು ಬರಬೇಕು, ಭಾನುವಾರ ಹೊಲಕ್ಕೇ ಹೋಗಿ ಮಾತಾಡಿಸುತ್ತೇನೆ.

ಲಂಬಾಣಿ ಪದಗಳ ಪಟ್ಟಿ ಯಾರ ಹತ್ತಿರವಾದರೂ ಇದ್ದರೆ ಫೋಟೋ ಹಾಕಿ. ಮನೆ ಸಾಮಾನು, ದನಕರು, ಊಟದ ಪದ ಸಾಕು. ಬಾಟಿ ಅಂದರೆ ರೊಟ್ಟಿ, ಅದು ನಿನ್ನೆ ಕಲಿತೆ.